ಹಿಂದಿನ ಬೆಂಚು

ಬೈಕಂಪಾಡಿ, 14-8-1937

ದಮಯಂತಿ ಅಕ್ಕನಿಗೆ ಕುಶಲಾಳ ನಮಸ್ಕಾರ.

ನಿನ್ನೆ ಶಾಲೆಗೆ ಇನ್‌ಸ್ಪೆಕ್ಟರರು ಬಂದಿದ್ದರು. ಹಾಜರಿ ನೋಡಿದರು, ಮಕ್ಕಳ ಉಗುರು ನೋಡಿದರು, ಪುಸ್ತಕದಲ್ಲಿ ‘ತೃಪ್ತಿಕರ’ ಎಂದು ಬರೆದರು. ಐದು ವರ್ಷದಿಂದಲೂ ಅದೇ ಮಾತು. “ಒಂದು ಪಾಠ ಕೇಳಿ ಹೋಗಿ ಸಾರ್” ಎಂದೆ. “ಎಂತಕ್ಕೆ ಟೀಚರೇ? ಎಲ್ಲ ಸರಿ ಉಂಟಲ್ಲ!” ಎಂದು ಕೊಡೆ ಬಿಡಿಸಿ ಹೊರಟೇಬಿಟ್ಟರು.

ಇಲ್ಲಿ ಟೀಚರೆಂದರೆ ನಾನೊಬ್ಬಳೇ. ಟ್ರೈನಿಂಗ್ ಶಾಲೆಯಲ್ಲಿ ನೀವು ಹಿಂದಿನ ಬೆಂಚಿನಲ್ಲಿ ಕುಳಿತು ನನ್ನ ಪಾಠದ ತಪ್ಪುಗಳನ್ನೆಲ್ಲ ಬರೆದುಕೊಡುತ್ತಿದ್ದಿರಿ. ಆಗ ಸಿಟ್ಟು ಬರುತ್ತಿತ್ತು. ಒಂದು ಶನಿವಾರ ಇಲ್ಲಿಗೂ ಬನ್ನಿ. ಕೂಳೂರಿನಲ್ಲಿ ದೋಣಿ ಹತ್ತಿ ಹೊಳೆ ದಾಟಿದರೆ ಆಮೇಲೆ ನಡಿಗೆ. ಪೆನ್ಸಿಲ್ ಮರೆಯಬೇಡಿ.

ನಿಮ್ಮದೊಂದು ಚೀಟಿ ಇನ್ನೂ ನನ್ನಲ್ಲಿದೆ: ‘ಕುಶಲಾ ಮಕ್ಕಳನ್ನು ಬಿಟ್ಟು ಕರಿಹಲಗೆಯೊಡನೆ ಮಾತನಾಡುತ್ತಾಳೆ.’ ಆ ತಪ್ಪು ತಿದ್ದಿಕೊಂಡಿದ್ದೇನೆ ಅಕ್ಕ. ಈಗ ಮಕ್ಕಳು ಮನೆಗೆ ಹೋದ ಮೇಲೆ ಮಾತ್ರ ಅದರೊಡನೆ ಮಾತನಾಡುತ್ತೇನೆ.

ದಾರಿ ನೋಡುತ್ತಿರುವ,
ಕುಶಲಾ