ಪಾಳು ಎಂದು ಬರೆದ ಹೊಲಗಳು

ಮಾರ್ಚ್ ೧೧, ಮಂಗಳವಾರ

ನನ್ನ ಮೊಂಡುರಾಯರಿಗೆ,

ನಾಲ್ಕು ವರ್ಷ ಮಾತು ಬಿಟ್ಟು ತಾಯಿಮನೆಯಲ್ಲಿದ್ದವಳು ಈಗೇಕೆ ಬರೆದಳು ಅಂತ ಹುಬ್ಬೇರಿಸಬೇಡಿ. ಫೋನಿನಲ್ಲಿ ನಿಮ್ಮ ದನಿ ಕೇಳಿದರೆ ಅರ್ಧಕ್ಕೇ ನಿಲ್ಲಿಸಿಬಿಡುತ್ತೇನೆ, ಅದಕ್ಕೇ ಕಾಗದ.

ನಿಮ್ಮ ಗುಡ್ಡದ ಕೆಳಗಿನ ಇಪ್ಪತ್ತೆರಡು ಹೊಲಗಳ ತೆರಿಗೆ ಮೌಲ್ಯಮಾಪನ ಈ ಸಲ ನನ್ನ ಪಾಲಿಗೆ ಬಂತು. ನಿಯಮ ನಿಮಗೆ ಗೊತ್ತು, ಊಟಕ್ಕೆ ಕೂತಾಗಲೂ ಅದನ್ನೇ ಹೇಳ್ತೀಯಾ ಅಂತ ರೇಗುತ್ತಿದ್ದಿರಿ. ಬೆಳೆಯಿರುವ ನೆಲಕ್ಕೆ ಬೆಳೆಯ ಆದಾಯ ನೋಡಿ ತೆರಿಗೆ. ಮೂರು ವರ್ಷ ಪಾಳು ಬಿದ್ದರೆ ಸೈಟಿನ ಬೆಲೆ ನೋಡಿ ತೆರಿಗೆ. ಆ ತೆರಿಗೆ ಕಟ್ಟಬೇಕಾದರೆ ಹೊಲವನ್ನೇ ಮಾರಬೇಕು.

ಕಾಲಿಗೆ ಮಣ್ಣು ಮೆತ್ತಿಕೊಂಡು ಎಲ್ಲವನ್ನೂ ನಡೆದು ನೋಡಿದೆ. ಒಂದೂ ಪಾಳಿರಲಿಲ್ಲ. ನಿಮ್ಮ ಪಕ್ಕದ ನರ್ಸಮ್ಮನ ಹೊಲದಲ್ಲಿ ಹುರುಳಿಕಾಯಿ ಬಳ್ಳಿ ಕೋಲು ಹತ್ತಿತ್ತು. ನಿಮ್ಮದರಲ್ಲಿ ಆಗಷ್ಟೇ ಕೊಯ್ದ ಜೋಳದ ಕೂಳೆ. ನೀವು ಪಂಪ್‌ಸೆಟ್ ಮನೆಯ ಹಿಂದೆ ನಿಂತು ನನ್ನನ್ನು ನೋಡಿಯೂ ನೋಡದವರಂತೆ ಇದ್ದಿರಿ.

ಮರುದಿನ ದಲ್ಲಾಳಿಯೊಬ್ಬ ಕಚೇರಿಗೆ ಬಂದ. ಆ ಇಳಿಜಾರನ್ನೆಲ್ಲ ಕೊಳ್ಳಲು ನಿಂತವರ ಕಡೆಯವನು. ಎಲ್ಲವನ್ನೂ ಪಾಳು ಅಂತ ಬರೀರಿ ಅಂದ. ಆಗಲ್ಲ ಅಂದೆ. ಅವನು ರೇಗಲಿಲ್ಲ. “ನಿಮ್ಮ ತಾಯಿಯೋರು ಮಂಡಿ ವ್ಯಾಯಾಮಕ್ಕೆ ಒಬ್ಬರೇ ಹೋಗ್ತಾರಲ್ಲ ಮೇಡಂ, ಆ ಮೆಟ್ಟಿಲು ಬಹಳ ಕಡಿದು” ಅಂದು, ನೀರು ಕೇಳಿ ಕುಡಿದು ಹೋದ. ನನಗಿಂತ ಮೊದಲು ಈ ಕುರ್ಚಿಯಲ್ಲಿದ್ದವರು ಕಲ್ಲುಗಣಿಯ ನೀರಿನಲ್ಲಿ ಸಿಕ್ಕಿದ್ದರು. ಕಾಲು ಜಾರಿತು ಅಂದರು. ಅವರ ಬೂಟುಗಳು ಮಾತ್ರ ದಡದ ಮೇಲೆ ಜೋಡಿಸಿಟ್ಟ ಹಾಗೆ ಇದ್ದವಂತೆ.

ಬರೆದುಕೊಟ್ಟೆ. ಇಪ್ಪತ್ತೊಂದು ಸಲ ಪಾಳು. ನಿಮ್ಮದೊಂದಕ್ಕೆ ಕೈ ಏಳಲಿಲ್ಲ; ಸಾಗುವಳಿಯಲ್ಲಿದೆ ಅಂತಲೇ ಬರೆದೆ.

ಪಟ್ಟಿ ನೋಡಿ ದಲ್ಲಾಳಿ ಕೂಗಾಡುತ್ತಾನೆ ಅಂದುಕೊಂಡಿದ್ದೆ. “ಒಳ್ಳೇದೇ ಆಯ್ತು ಬಿಡಿ” ಅಂದು ನಕ್ಕ. ಯಾಕೆ ಅಂತ ಅವನು ಹೋದ ಮೇಲೆ ಹೊಳೆಯಿತು. ನೋಟೀಸು ಬಂದ ಇಪ್ಪತ್ತೊಂದು ಮನೆಯವರೂ ನೋಟೀಸು ಬಾರದ ಒಂದು ಮನೆಯ ಕಡೆ ತಿರುಗುತ್ತಾರೆ. ಬರೆದವಳು ಆ ಮನೆಯವನ ಹೆಂಡತಿ ಅಂತ ಎಲ್ಲರಿಗೂ ಗೊತ್ತು. ದಲ್ಲಾಳಿ ಇನ್ನು ನಿಮ್ಮ ತಂಟೆಗೆ ಬರಬೇಕಾಗಿಯೇ ಇಲ್ಲ.

ನೋಟೀಸುಗಳು ಸೋಮವಾರ ಹೊರಡುತ್ತವೆ. ಅದಕ್ಕೆ ಮೊದಲು ನೀವೇ ನರ್ಸಮ್ಮನ ಮನೆಗೆ ಹೋಗಿ ಎಲ್ಲ ಹೇಳಿಬಿಡಿ. ಹೊಲದಲ್ಲೇ ನಿಂತು ನಾನು ಬರೆದುಕೊಂಡ ಹಾಳೆಗಳನ್ನು ಇದರ ಜೊತೆ ಇಟ್ಟಿದ್ದೇನೆ. ಮೇಲ್ಮನವಿಗೆ ಮೂವತ್ತು ದಿನ ಇದೆ, ಸಾಕ್ಷಿಗೆ ಅವು ಸಾಕು. ನನ್ನ ಕೆಲಸ ಹೋಗುತ್ತದೆ, ಹೋಗಲಿ. ಅಮ್ಮನನ್ನು ಅಕ್ಕನ ಮನೆಗೆ ಕಳಿಸಿದ್ದೇನೆ.

ಬೈಯುವುದಿದ್ದರೆ ಆಮೇಲೆ ಬೈಯಿರಿ.

ನೀವೇ ಹೆಸರಿಟ್ಟ,
ಕಾಯ್ದೆಯಮ್ಮ

ತಾ.ಕ.: ಈ ಪತ್ರ ಎಂಟು ದಿನ ನನ್ನ ಕೈಚೀಲದಲ್ಲೇ ಇತ್ತು. ದಿನಾ ಅಂಚೆಪೆಟ್ಟಿಗೆಯವರೆಗೆ ಹೋಗಿ ವಾಪಸು ಬಂದೆ. ನೋಟೀಸುಗಳು ನಿನ್ನೆ ತಲುಪಿವೆ. ಬೆಳಗಿನಿಂದ ನೀವು ಫೋನ್ ಎತ್ತುತ್ತಿಲ್ಲ. ಪತ್ರ ಹಿಡಿದು ನಾನೇ ಬಸ್ಸು ಹತ್ತಿದ್ದೇನೆ, ಸೀಟಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಗುಡ್ಡದ ಕೆಳಗಿನವರೆಗೆ ಬಸ್ಸು ಹೋಗುವುದಿಲ್ಲವಂತೆ. ರಸ್ತೆ ತುಂಬ ಜನ ನಿಂತಿದ್ದಾರೆ ಅಂತ ಕಂಡಕ್ಟರ್ ಹೇಳಿದ. ಬಸ್ಸು ನಿಲ್ಲುವಲ್ಲಿ ಇಳಿದು, ಈ ಹಾಳೆಗಳನ್ನು ಹಿಡಿದು ನಡೆದೇ ಬರುತ್ತೇನೆ.