ನಿಮ್ಮ ನೂರ ಮೂವತ್ತು ಮೀಟರ್, ನನ್ನ ಮಗಳ ದಾರಿ

ಸರ್ಕಾರಿ ಮದ್ಯದಂಗಡಿಗೆ ಜಾಗ ಒಪ್ಪುವ ಅಧಿಕಾರಿಗಳಿಗೆ,

ಮಾನ್ಯರೇ, ಜವಳಗಿರಿ ಕಡೆಯ ನಮ್ಮೂರಿನ ಕನ್ನಡ ಶಾಲೆಯ ಎದುರಿಗೆ, ರಸ್ತೆ ದಾಟಿದರೆ ಸಿಗುವಂತೆ, ನೀವು ಮದ್ಯದಂಗಡಿ ತೆರೆಸಿದ್ದೀರಿ. ಶಾಲೆಯ ಕಾಂಪೌಂಡಿನೊಳಗೇ ಚರ್ಚೂ ಇದೆ. ಶಾಲೆಯಿಂದಾಗಲಿ ಚರ್ಚಿನಿಂದಾಗಲಿ ನೂರು ಮೀಟರಿನೊಳಗೆ ಅಂಗಡಿ ಇರಬಾರದೆಂಬುದು ನಿಮ್ಮದೇ ನಿಯಮ. ನಿಮ್ಮ ಕಡತದಲ್ಲಿ ನಮ್ಮ ಶಾಲೆ ಅಂಗಡಿಯಿಂದ ನೂರ ಮೂವತ್ತು ಮೀಟರ್ ದೂರದಲ್ಲಿದೆ. ನಾನು ಗಾರೆ ಕೆಲಸದವನು, ಟೇಪು ಹಿಡಿದೇ ಹೊಟ್ಟೆ ಹೊರೆಯುತ್ತಿರುವವನು. ಕಾಂಪೌಂಡಿನಿಂದ ನೇರವಾಗಿ ಅಳೆದರೆ ಇಪ್ಪತ್ತೆರಡು ಮೀಟರ್. ಉಳಿದ ನೂರೆಂಟು ಮೀಟರ್ ಎಲ್ಲಿಂದ ಬಂತು ಎಂಬುದನ್ನು ನಾನೇ ಹೇಳಬೇಕು, ಏಕೆಂದರೆ ಅದನ್ನು ನಿಮಗೆ ಒದಗಿಸಿಕೊಟ್ಟವನು ನಾನೇ.

ಶಾಲೆಯ ಮುಂದಿನ ಗೇಟಿನ ಪಕ್ಕ ಒಂದು ಹಲಸಿನ ಮರವಿದೆ. ಹಣ್ಣಿನ ವಾಸನೆಗೆ ಕಾಡಿನಿಂದ ಬಂದ ಆನೆಗಳು ಎರಡು ವರ್ಷ ಗೇಟನ್ನು ಕಿತ್ತೆಸೆದವು. ಎರಡನೇ ಸಲ ಬೆಳಗಿನ ಪ್ರಾರ್ಥನೆಯ ಹೊತ್ತಿಗೂ ಒಂದು ಆನೆ ಒಳಗೇ ನಿಂತಿತ್ತು. ಊರವರು ಸೇರಿ ಗೇಟು ಮುಚ್ಚುವುದೆಂದು ತೀರ್ಮಾನಿಸಿದೆವು. ಚರ್ಚಿನ ಫಾದರ್ ಇಟ್ಟಿಗೆ ಕೊಡಿಸಿದರು, ನಾನು ಕೂಲಿ ತೆಗೆದುಕೊಳ್ಳದೆ ಗೋಡೆ ಕಟ್ಟಿದೆ. ಹಿಂದುಗಡೆ ಬಂಡೆಯಿರುವುದರಿಂದ ಆ ಕಡೆ ಆನೆ ಬರುವುದಿಲ್ಲ. ಅಲ್ಲಿ ಹೊಸ ಗೇಟು ಇಟ್ಟೆವು. ಆ ಗೇಟಿನಿಂದ ಹೊರಟರೆ ಇರುವುದು ಒಂದೇ ಓಣಿ, ಅದು ಕಾಂಪೌಂಡನ್ನು ಸುತ್ತಿಕೊಂಡು ಮತ್ತೆ ಮುಖ್ಯರಸ್ತೆಗೇ ಬರುತ್ತದೆ. ಅಂದು ನಾವು ಎಷ್ಟು ಜಾಣರೆಂದು ಬೀಗಿದ್ದೆವು.

ಮರುವರ್ಷ ನಿಮ್ಮ ಕಚೇರಿಯವರೊಬ್ಬರು ಅಳೆಯಲು ಬಂದರು. ಟೇಪಿನ ಇನ್ನೊಂದು ತುದಿ ಹಿಡಿಯಲು ಅವರ ಜೊತೆ ಯಾರೂ ಇರಲಿಲ್ಲ. ಟೇಪು ಕಂಡ ಮೇಲೆ ನನ್ನ ಕೈ ಸುಮ್ಮನಿರುತ್ತದೆಯೇ? “ಸ್ವಾಮಿ, ಆನೆ ಬೇಲಿಗಾ ಅಳೀತಿರೋದು?” ಎಂದು ಕೇಳಿದೆ. ಬೇಲಿಗೆಂದು ನಾವು ಮೂರು ಸಲ ಅರ್ಜಿ ಕೊಟ್ಟಿದ್ದೆವಲ್ಲ. “ಎಲ್ಲಾ ನಿಮ್ಮ ಒಳ್ಳೇದಕ್ಕೇ, ಹಿಡ್ಕೊಳಪ್ಪ” ಎಂದರು. ಹಿಂದಿನ ಗೇಟಿನಿಂದ ಓಣಿ ಸುತ್ತಿ, ರಸ್ತೆ ದಾಟಿ, ಆಗ ಖಾಲಿಯಿದ್ದ ಮಳಿಗೆಯ ಬಾಗಿಲವರೆಗೆ ಟೇಪಿನ ಒಂದು ತುದಿ ಹಿಡಿದು ನಡೆದವನು ನಾನು. “ಜೋತಾಡ್ತೈತೆ ಸ್ವಾಮಿ, ಬಿಗಿಯಾಗ್ ಇಡ್ಕಳಿ” ಎಂದು ಬುದ್ಧಿ ಬೇರೆ ಹೇಳಿದೆ. ಹದಿನೈದು ದಿನದಲ್ಲಿ ಆ ಮಳಿಗೆಗೆ ಕಬ್ಬಿಣದ ಕಂಬಿ ಬಂತು, ಪೆಟ್ಟಿಗೆಗಳು ಬಂದವು. ಬೇಲಿ ಇನ್ನೂ ಬಂದಿಲ್ಲ.

ಸೋಮವಾರದ ಅಹವಾಲಿನ ದಿನ ಕೃಷ್ಣಗಿರಿಯ ಜಿಲ್ಲಾ ಕಚೇರಿಗೆ ಬಂದು ನಿಮ್ಮ ಮುಂದೆ ನಿಂತೆ. ಗೇಟಿನಿಂದ ಬಾಗಿಲಿಗೆ, ಜನ ನಡೆಯುವ ದಾರಿಯಲ್ಲೇ ಅಳೆಯಬೇಕು, ಎಲ್ಲವೂ ನಿಯಮದಂತೆಯೇ ಇದೆ ಎಂದಿರಿ. ಬೇಕಿದ್ದರೆ ಗೋಡೆ ಒಡೆದು ಹಳೆಯ ಗೇಟು ತೆರೆಯಿರಿ, ಮತ್ತೆ ಅಳೆಸೋಣ ಎಂಬ ಸಲಹೆಯನ್ನೂ ದಯಪಾಲಿಸಿದಿರಿ. ಎಂಥ ಔದಾರ್ಯ! ಮಕ್ಕಳನ್ನು ಆನೆಯ ಕಾಲಿಗೆ ಒಪ್ಪಿಸಿದರೆ ಕುಡುಕರಿಂದ ಬಿಡಿಸಿಕೊಡುತ್ತೀರಿ. ನಿಯಮ ಮಾಡಿದವರು ಮಕ್ಕಳನ್ನು ನೆನೆದು ಮಾಡಿದರೋ, ಗೇಟನ್ನು ನೆನೆದು ಮಾಡಿದರೋ?

ಜನ ನಡೆಯುವ ದಾರಿ ಎಂದಿರಲ್ಲ, ಅಲ್ಲಿ ನಡೆಯುವ ಜನ ಯಾರೆಂದು ಕೇಳಿದಿರಾ? ನನ್ನ ಮಗಳು ಪವಿತ್ರ, ಏಳನೇ ತರಗತಿ. ಶಾಲೆ ಬಿಟ್ಟೊಡನೆ ಅವಳು ಆ ನೂರ ಮೂವತ್ತು ಮೀಟರನ್ನೂ ನಡೆದೇ ಮನೆಗೆ ಬರಬೇಕು. ಓಣಿಯ ಉದ್ದಕ್ಕೂ ಕಾಂಪೌಂಡಿನ ನೆರಳಿನಲ್ಲಿ ನಿಮ್ಮ ಗಿರಾಕಿಗಳು ಕುಳಿತಿರುತ್ತಾರೆ. ಕಡತದಲ್ಲಿ ದೂರ ಹೆಚ್ಚಿದಷ್ಟೂ ಅವಳು ಅವರ ನಡುವೆ ನಡೆಯುವುದೂ ಹೆಚ್ಚಿತು. ಕಳೆದ ತಿಂಗಳು ಒಬ್ಬ ಅವಳನ್ನು ತಡೆದು, ಚೀಲದಿಂದ ನೀರಿನ ಬಾಟಲಿ ಕಿತ್ತುಕೊಂಡು, ತನ್ನ ಲೋಟಕ್ಕೆ ಬೆರೆಸಿಕೊಂಡ. ಖಾಲಿ ಬಾಟಲಿ ಹಿಂದಿರುಗಿಸಿ, ನಾಳೆ ತುಂಬಿಸಿಕೊಂಡು ಬಾ ಎಂದು ಗಲ್ಲ ಹಿಂಡಿದ. ಅಂದಿನಿಂದ ಅವಳು ಶಾಲೆಗೆ ನೀರು ಒಯ್ಯುವುದಿಲ್ಲ.

ನನ್ನ ಹೆಂಡತಿ ಕಲ್ಪನಾ ನಿಮ್ಮನ್ನು ಬೈಯುವುದಿಲ್ಲ, ನನ್ನನ್ನೇ ಕೇಳುತ್ತಾಳೆ. “ಗ್ವಾಡೆ ಕಟ್ಟಿದ್ದು ನೀನು, ಟೇಪು ಇಡ್ದಿದ್ದು ನೀನು. ಇನ್ಯಾರ್ನ ಕೇಳಕ್ಕೋಗ್ತೀಯ? ಅರ್ದ ವರ್ಸದ ಪರೀಕ್ಸೆ ಮುಗೀಲಿ, ಮಗೀನ ಮನೇಲೇ ಇಕ್ಕಂತೀನಿ.” ನಾನು ದಿನವೂ ಹೋಗಿ ಕರೆತರೋಣವೆಂದರೆ, ಆ ಹೊತ್ತಿಗೆ ನಾನಿರುವುದು ಹೊಸೂರಿನ ಆಲಸನತ್ತಂನಲ್ಲಿ, ಯಾರದೋ ಮೂರನೇ ಮಹಡಿಯ ಸಾರುವೆಯ ಮೇಲೆ.

ಆದ್ದರಿಂದ ನನ್ನ ಬೇಡಿಕೆ ಒಂದೇ. ಅರ್ಧವಾರ್ಷಿಕ ಪರೀಕ್ಷೆ ಮುಗಿಯುವುದರೊಳಗೆ ಆ ಅಂಗಡಿಯನ್ನು ಅಲ್ಲಿಂದ ಎತ್ತಿಸಿ. ನಮ್ಮ ಗೋಡೆಯ ತಂಟೆಗೆ ಬರಬೇಡಿ. ನನ್ನ ಮಾತು ನಿಮಗೆ ದೊಡ್ಡದಲ್ಲದಿದ್ದರೆ, ನಿನ್ನೆ ಮಗಳು ನನಗೆ ಹೇಳಿದ್ದನ್ನಾದರೂ ಓದಿಕೊಳ್ಳಿ: “ಅಪ್ಪಾ, ನಂಗೆ ಬಾಯಾರ್ಕೆ ಆಗಾಕಿಲ್ಲ, ಅಬ್ಯಾಸ ಆಗೋಗೈತೆ. ಅಮ್ಮುನ್ಗೆ ಯೋಳಪ್ಪ, ಇಸ್ಕೂಲ್ ಬಿಡಿಸ್ಬ್ಯಾಡ ಅಂತ.”

ಇಂತಿ,
ನಿಮ್ಮ ವಿಶ್ವಾಸಿ ಎಂದು ಬರೆಯಲು ಕೈ ಬಾರದ
ಗಾರೆ ಮುನಿಕೃಷ್ಣ,
ಸದ್ಯಕ್ಕೆ ಏಳನೇ ತರಗತಿಯಲ್ಲಿರುವ ಪವಿತ್ರಳ ಅಪ್ಪ