ಅಕರೋವಾದಲ್ಲಿ ಉಟ್ಟಬಟ್ಟೆಯ ಸ್ನಾನ

ಕ್ರೈಸ್ಟ್‌ಚರ್ಚ್,
ಬುಧವಾರ, 15 ನವೆಂಬರ್ 2006

ಸ್ವಸ್ತಿಶ್ರೀ ಮೈಸೂರು ಸರಸ್ವತೀಪುರಂ ಪ್ರಾಂತ್ಯಾಧೀಶ್ವರಿ, ಸಮಸ್ತ ಸುದ್ದಿಗಳ ಕೋಟೆಬಾಗಿಲಿಗೆ ಏಕೈಕ ಬೀಗದಕೈ ಧಾರಿಣಿ, ಕಡಲಾಚೆಯ ತಮ್ಮನ ಹಿತಚಿಂತನೆಯಲ್ಲಿ ಹಗಲಿರುಳು ಸವೆದುಹೋಗುತ್ತಿರುವ ಕರುಣಾಸಾಗರಿ, ಶ್ರೀಮತ್ ಹಂಸಾದೇವಿ ಅಮ್ಮಣ್ಣಿಯವರ ದಿವ್ಯ ಪಾದಾರವಿಂದಗಳಿಗೆ, ಪಾಮರನೂ ತಮ್ಮ ಒಬ್ಬನೇ ಒಬ್ಬ ತಮ್ಮನೂ ಆದ ಸುಮುಖನ ಸಾಷ್ಟಾಂಗ ನಮಸ್ಕಾರಗಳು.

ಸೂತಕದಲ್ಲಿರುವವರು ಯಾರಿಗೂ ನಮಸ್ಕಾರ ಮಾಡಬಾರದಂತೆ. ಕಾತ್ಯಾಯಿನಿ ಆಂಟಿ ಹೇಳಿದರು. ಹಾಗಾಗಿ ಮೇಲಿನ ಸಾಷ್ಟಾಂಗವನ್ನು ಈ ಮೂಲಕ ವಾಪಸ್ಸು ಪಡೆಯುತ್ತಿದ್ದೇನೆ. ಬಿರುದುಗಳನ್ನು ಬೇಕಾದರೆ ನೀನೇ ಇಟ್ಟುಕೋ ಅಕ್ಕ.

ಪತ್ರ ತಡವಾಯಿತು, ಕ್ಷಮಿಸು. ಶನಿವಾರದಿಂದ ನೀನು ಮಾಡಿದ ಒಂದು ಫೋನನ್ನೂ ನಾನು ಎತ್ತಲಿಲ್ಲ. ನನ್ನ ಫ್ಲಾಟ್‌ಮೇಟ್ ಗುರುದತ್ ಕೈಲಿ ಪ್ರತಿ ಸಲವೂ ‘ಅವನು ಮಲಗಿದಾನೆ’ ಎಂದೇ ಹೇಳಿಸಿದೆ. ಅವನು ಒಳ್ಳೆಯ ಹುಡುಗ, ಸುಳ್ಳು ಹೇಳಿ ಅಭ್ಯಾಸವಿಲ್ಲದೆ ತೊದಲಿದ. ನೀನಾದರೋ ತೊದಲಲೂ ಇಲ್ಲ. ಹೋದ ಭಾನುವಾರಕ್ಕೆ ಮುಂಚಿನ ಭಾನುವಾರ ನಾನು ‘ತಾತನಿಗೆ ಕೊಡು’ ಅಂದಾಗ, ‘ಮಲಗಿದಾರೆ ಕಣೋ, ಈಗ ಎಬ್ಬಿಸೋದು ಬೇಡ’ ಅಂದೆ. ಎಲ್ಲಿ ಮಲಗಿದ್ದಾರೆ ಎಂದು ನಾನು ಕೇಳಬೇಕಿತ್ತು. ಆಸ್ಪತ್ರೆಯಲ್ಲಿ, ಮೂಗಿಗೆ ನಳಿಗೆ ಹಾಕಿಸಿಕೊಂಡು ಮಲಗಿದ್ದರು. ಮಂಗಳವಾರ ಹೊರಟೇಹೋದರು. ನನಗೆ ಹೇಳಿದ್ದು ಶನಿವಾರ, ಸಮುದ್ರದಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಲ್ಲಿಸಿ.

ನೀನು ಆಜ್ಞೆ ಹೊರಡಿಸಿದವಳು. ಅದು ಇಲ್ಲಿ ಜಾರಿಯಾದ ವೈಭವವನ್ನು ಕಾಣುವ ಭಾಗ್ಯ ನಿನಗಿರಲಿಲ್ಲ. ಆದ್ದರಿಂದ ವಿವರವಾಗಿ ನಿವೇದಿಸುತ್ತೇನೆ, ಕೂತು ಓದು.

ಶುಕ್ರವಾರ ನನ್ನ ಕೊನೆಯ ಪರೀಕ್ಷೆ ಮುಗಿಯಿತು. ಶನಿವಾರ ಬೆಳಿಗ್ಗೆ ಪದ್ಮನಾಭ ಅಂಕಲ್ ಕಾರಿನೊಂದಿಗೆ ಬಾಗಿಲಲ್ಲಿ ಪ್ರತ್ಯಕ್ಷರಾದರು. ಅಪ್ಪನ ಹಳೆಯ ಗೆಳೆಯರು, ನಾನು ಇಲ್ಲಿಗೆ ಬಂದಾಗಿನಿಂದ ನನ್ನ ಸಾಂಬಾರಿನ ಜವಾಬ್ದಾರಿ ಹೊತ್ತವರು, ನಿನಗೇ ಗೊತ್ತಲ್ಲ. ಜೊತೆಗೆ ಕಾತ್ಯಾಯಿನಿ ಆಂಟಿ, ಹಿಂದಿನ ಸೀಟಿನಲ್ಲಿ ಅವರ ಹತ್ತು ವರ್ಷದ ಮಗಳು ಪೂರ್ವಿ. ‘ಪರೀಕ್ಷೆ ಮುಗೀತಲ್ಲಪ್ಪ, ಬಾ, ಅಕರೋವಾ ತೋರಿಸ್ಕೊಂಡ್ ಬರ್ತೀನಿ. ಫ್ರೆಂಚರ ಹಳ್ಳಿ ನೋಡ್ಬೇಕು ಅಂತಿದ್ಯಲ್ಲ’ ಅಂದರು. ಅಂತಿದ್ದವನು ನಾನಲ್ಲ, ತಾತ. ನಲವತ್ತು ವರ್ಷ ಶ್ರೀರಂಗಪಟ್ಟಣದಲ್ಲಿ ಗೈಡ್ ಆಗಿ ಬಿಸಿಲಲ್ಲಿ ನಿಂತು, ಟಿಪ್ಪುವಿನ ಹತ್ತಿರ ಇದ್ದ ಫ್ರೆಂಚರ ಕಥೆಗಳನ್ನು ಹೇಳಿದವರು. ಸಾಲದಿದ್ದಾಗ ಹೊಸದಾಗಿ ಹುಟ್ಟಿಸಿದವರು. ‘ನಿನ್ ಹತ್ರಾನೇ ಅವರ ಹಳ್ಳಿ ಇದೆಯಂತೆ, ಹೋಗಿ ನೋಡೋ. ಅಲ್ಲಿನ ಗೈಡು ಎಷ್ಟು ರೀಲು ಬಿಡ್ತಾನೆ ಅಂತ ನಂಗೆ ಬರಿ’ ಎಂದು ಎರಡು ವರ್ಷದಿಂದ ಪೀಡಿಸುತ್ತಿದ್ದರು. ಅವರ ಆಸೆ ತೀರಿಸಲು ನಮ್ಮವರು ಒಳ್ಳೆಯ ಮುಹೂರ್ತವನ್ನೇ ಹುಡುಕಿದರು, ಅಲ್ಲವೇ?

ಮುಕ್ಕಾಲು ದಾರಿಯಲ್ಲಿ ಒಂದು ಬೆಟ್ಟದ ನೆತ್ತಿ ಬರುತ್ತದೆ. ಅಲ್ಲಿಂದ ನೋಡಿದರೆ ಕೆಳಗೆ ಕಡಲು ನೆಲದೊಳಗೆ ನುಗ್ಗಿ ಉದ್ದಕ್ಕೆ ಮಲಗಿದೆ. ಸುತ್ತಲೂ ಕುರಿ ಮೇಯುವ ಹಸಿರು ಗುಡ್ಡಗಳು. ಒಂದು ಕಾಲಕ್ಕೆ ಅದು ಜ್ವಾಲಾಮುಖಿಯ ಬಾಯಂತೆ. ಅಂಕಲ್ ಕಾರು ನಿಲ್ಲಿಸಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿ, ‘ಸುಮುಖ, ನಿನ್ ಹತ್ರ ಒಂದು ವಿಷ್ಯ ಮಾತಾಡ್ಬೇಕಿತ್ತು’ ಅಂದರು.

‘ಅಂಕಲ್, ಇದು ಜ್ವಾಲಾಮುಖಿಯ ಬಾಯಿ ಅಂತೀರಲ್ಲ, ನಾವು ನೋಡ್ತಿರೋ ಹಾಗೇ ಆಕಳಿಸಿಬಿಟ್ರೆ?’ ಅಂದೆ.

ಪೂರ್ವಿ ಕಿಸಕ್ಕನೆ ನಕ್ಕಳು. ಅಂಕಲ್ ಬಾಯಿ ಮುಚ್ಚಿಕೊಂಡು ಕಾರು ಹತ್ತಿದರು. ಒಂದು ಕುಚೋದ್ಯಕ್ಕೆ ಬಾಯಿ ಮುಚ್ಚಿಕೊಳ್ಳುವ ಮನುಷ್ಯನಿಗೆ ಇಂಥ ಕೆಲಸವನ್ನು ಯಾಕೆ ವಹಿಸಿದೆ ಅಕ್ಕ? ಅವರು ಸೇತುವೆ ಕಟ್ಟುವವರು. ಸಾವಿನ ಸುದ್ದಿ ಹೇಳುವ ವಿದ್ಯೆಯನ್ನು ಅವರಿಗೆ ಯಾರು ಕಲಿಸಿದ್ದರು?

ಊರು ಚೆನ್ನಾಗಿದೆ. ಸಿಟ್ಟಿನಲ್ಲಿಯೂ ಅದನ್ನು ಅಲ್ಲಗಳೆಯಲಾರೆ. ಬೀದಿಗಳ ಹೆಸರೆಲ್ಲ ಫ್ರೆಂಚು, ಅಂಗಡಿಗಳ ಮುಂದೆ ಮೂರು ಬಣ್ಣದ ಬಾವುಟ, ಬೇಲಿ ತುಂಬ ಗುಲಾಬಿ. ಮೊದಲು ಬಂದವರು ಕಟ್ಟಿದ ಒಂದು ಪುಟ್ಟ ಮರದ ಮನೆಯನ್ನು ಹಾಗೆಯೇ ಉಳಿಸಿದ್ದಾರೆ. ನಮ್ಮನೆಯ ಅಡುಗೆಮನೆ ಇದಕ್ಕಿಂತ ದೊಡ್ಡದು. ಅದರ ಕಥೆ ಕೇಳು. ಫ್ರಾನ್ಸಿನಿಂದ ಹೆಂಡತಿ ಮಕ್ಕಳನ್ನು, ದ್ರಾಕ್ಷಿ ಬಳ್ಳಿಯನ್ನು ಕಟ್ಟಿಕೊಂಡು, ಇದು ನಮ್ಮದೇ ನೆಲ ಎಂದು ನಂಬಿ, ತಿಂಗಳುಗಟ್ಟಲೆ ಕಡಲಲ್ಲಿ ತೇಲಿ ಬಂದರಂತೆ. ಬಂದು ಇಳಿದರೆ ಇಂಗ್ಲಿಷರು ಆಗಲೇ ತಮ್ಮ ಬಾವುಟ ಹಾರಿಸಿಯಾಗಿತ್ತು. ಎಲ್ಲ ಮುಗಿದುಹೋಗಿದೆ ಎಂದು ಗೊತ್ತಿಲ್ಲದೆ, ಹಡಗಿನಲ್ಲಿ ನಗುನಗುತ್ತಾ ಬರುತ್ತಿದ್ದರಲ್ಲ, ಆ ಜನರ ಮೇಲೆ ನನಗೆ ಬಹಳ ಮರುಕ ಬಂತು. ಅವರ ಕಾಲದಲ್ಲಿ ಟೆಲಿಫೋನ್ ಇರಲಿಲ್ಲ. ನಿಮ್ಮ ಸಬೂಬು ಏನು?

ಕಡಲಿನ ಪಕ್ಕ ಒಂದು ಬಿಳಿಯ ದೀಪಸ್ತಂಭವಿದೆ. ಅದು ಹುಟ್ಟಿದ್ದು ಅಲ್ಲಲ್ಲ, ದೂರದ ಬಂಡೆಯ ತುದಿಯಲ್ಲಿ. ಕೆಲಸವಿಲ್ಲದಾದ ಮೇಲೆ ತುಂಡುತುಂಡಾಗಿ ಬಿಚ್ಚಿ ತಂದು ಊರಲ್ಲಿ ನಿಲ್ಲಿಸಿದ್ದಾರೆ. ‘ಇದನ್ನ ಫ್ರೆಂಚರು ಬೀಜದಿಂದ ಬೆಳೆಸಿದ್ದು. ದಿನಾ ಉಪ್ಪುನೀರು ಹಾಕ್ಬೇಕು’ ಎಂದು ಗಂಭೀರವಾಗಿ ಪೂರ್ವಿಗೆ ವಿವರಿಸಿದೆ. ‘ಯೂ ಆರ್ ಸಚ್ ಎ ಲಯರ್, ಸುಮುಖ ಅಣ್ಣ!’ ಅಂದಳು. ಅವಳ ಮುಂದೆ ಅಪ್ಪ ಅಮ್ಮ ಇಬ್ಬರೂ ಬೆಳಗಿನಿಂದ ನಟಿಸುತ್ತಿದ್ದರು, ಸುಳ್ಳುಗಾರನ ಪಟ್ಟ ಮಾತ್ರ ನನಗೆ!

ಅಲ್ಲೇ ಹುಲ್ಲಿನ ಮೇಲೆ ಊಟ. ಆಂಟಿ ಮೊಸರನ್ನ ತಂದಿದ್ದರು. ನನಗೆ ಬಡಿಸಿದರು, ಮತ್ತೆ ಬಡಿಸಿದರು, ಬೇಡವೆಂದರೂ ಬಡಿಸಿದರು. ಬಡಿಸುವಾಗ ಕಣ್ಣು ನನ್ನ ತಟ್ಟೆಯ ಮೇಲೆ, ಮುಖದ ಮೇಲಲ್ಲ. ಅಂಕಲ್ ಇನ್ನೊಮ್ಮೆ ಧೈರ್ಯ ಮಾಡಿ, ‘ಊರಿಂದ ಫೋನ್ ಬಂದಿತ್ತು ಕಣಪ್ಪ...’ ಎಂದು ಶುರು ಮಾಡಿದರು. ‘ಅಂಕಲ್, ಡಾಲ್ಫಿನ್!’ ಎಂದು ಕೂಗಿದೆ. ಎಲ್ಲರೂ ತಿರುಗಿ ನೋಡಿದರು. ಡಾಲ್ಫಿನ್ ಇರಲಿಲ್ಲ, ಒಂದು ದೋಣಿಯಿತ್ತು.

ಆಮೇಲೆ ಆದದ್ದು ನಮ್ಮವರು ಮಾತ್ರ ಮಾಡಬಲ್ಲ ಘನಕಾರ್ಯ. ಅಂಕಲ್ ನಕ್ಷೆ ಬಿಡಿಸಿ, ಊರ ಹಿಂದಿನ ಗುಡ್ಡದ ಮೇಲೆ ಫ್ರೆಂಚರದೇನೋ ಇದೆ, ಒಳ್ಳೆಯ ನೋಟವಂತೆ ಎಂದು ನಮ್ಮನ್ನು ಮರಗಳ ನಡುವೆ ಹತ್ತಿಸಿದರು. ಏದುಸಿರು ಬಿಡುತ್ತಾ ಮೇಲೆ ಹೋಗಿ ನೋಡಿದರೆ ತಣ್ಣನೆಯ ನೆರಳು, ಬೇಲಿ, ನಡುವೆ ಸತ್ತವರ ಹೆಸರು ಕೆತ್ತಿದ ಒಂದು ಸ್ಮಾರಕದ ಕಲ್ಲು. ಆಂಟಿ ಅಲ್ಲೇ ನಿಂತುಬಿಟ್ಟರು.

‘ರೀ, ಇದೇನ್ರೀ ಇದು?’

‘ಹೆರಿಟೇಜು ಕಣೆ.’

‘ಹೆರಿಟೇಜಾ? ಸ್ಮಶಾನ ಇದು!’

‘ನೂರೈವತ್ತು ವರ್ಷ ಹಳೇದು. ಟೂರಿಸ್ಟುಗಳು ಬರ್ತಾರೆ, ಫೋಟೋ ತೆಗೀತಾರೆ.’

‘ಹಳೇದಾದ್ರೆ ಮೈಲಿಗೆ ಹೊರಟೋಗತ್ತಾ? ಅದೂ ಈ ಹುಡುಗನ್ನ ಕರ್ಕೊಂಡು, ಇಂಥಾ ದಿನದಲ್ಲಿ...’

ಅಷ್ಟಕ್ಕೇ ಆಂಟಿ ನಾಲಿಗೆ ಕಚ್ಚಿಕೊಂಡರು. ‘ಇಂಥಾ ಬಿಸಿಲು ದಿನದಲ್ಲಿ ಅಂತ ತಾನೇ ಆಂಟಿ?’ ಅಂದೆ. ‘ಹೂಂ ಕಣಪ್ಪ, ಬಿಸಿಲು’ ಅಂದರು. ನಾವು ನಿಂತದ್ದು ನೆರಳಿನಲ್ಲಿ.

ಕೆಳಗಿಳಿದ ಮೇಲೆ ಆಂಟಿಯ ತೀರ್ಪು ಬಂತು: ಸ್ಮಶಾನಕ್ಕೆ ಹೋಗಿ ಬಂದವರು ಸ್ನಾನ ಮಾಡದೆ ಕಾರು ಹತ್ತುವಂತಿಲ್ಲ. ಊರ ಮುಂದಿನ ಪುಟ್ಟ ಕಡಲತೀರಕ್ಕೆ ನಡೆಸಿದರು. ಅಂಕಲ್ ಪ್ಯಾಂಟು ಮಡಿಚಿ ಕಾಲು ತೊಳೆದರು. ಪೂರ್ವಿಯ ತಲೆಗೆ ಆಂಟಿ ನಾಲ್ಕು ಹನಿ ಚಿಮುಕಿಸಿದರು, ತಾವೂ ಚಿಮುಕಿಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, ‘ನೀನು ಪೂರ್ತಿ ಮುಳುಗಪ್ಪ. ಉಟ್ಟಬಟ್ಟೇಲೇ. ತಲೆ ನೆನೀಬೇಕು’ ಅಂದರು.

ಅಕ್ಕ, ಇಲ್ಲಿನ ನವೆಂಬರ್ ಹೆಸರಿಗೆ ಮಾತ್ರ ಬೇಸಿಗೆಯ ಬಾಗಿಲು. ಆ ನೀರು ದಕ್ಷಿಣ ಧ್ರುವದಿಂದ ನೇರವಾಗಿ ನನ್ನನ್ನೇ ಹುಡುಕಿಕೊಂಡು ಬಂದಂತಿತ್ತು. ದಡದ ಬೆಂಚಿನ ಮೇಲೆ ಐಸ್‌ಕ್ರೀಮ್ ತಿನ್ನುತ್ತಿದ್ದ ಇಬ್ಬರು ಮುದುಕಿಯರು ನನ್ನ ಜೀನ್ಸು, ಶರಟು ನೋಡಿ ನೆಕ್ಕುವುದನ್ನೇ ನಿಲ್ಲಿಸಿದರು. ನಾನು ಮೊಣಕಾಲುದ್ದ ಹೋಗಿ ನಿಂತೆ. ಆಗ ಪೂರ್ವಿ ಕೇಳಿದಳು:

‘ಮಮ್, ವೈ ಓನ್ಲಿ ಹಿಮ್? ವೀ ಆಲ್ ವೆಂಟ್ ದೇರ್. ಇಟ್ಸ್ ನಾಟ್ ಫೇರ್!’

ಅಂಕಲ್ ಕಡಲಕಾಗೆಗಳ ಕಡೆ ತಿರುಗಿದರು. ಆಂಟಿ ಚೂಡಿದಾರದಲ್ಲೇ ನೀರಿಗಿಳಿದು ನನ್ನ ಹತ್ತಿರ ಬಂದು ತಲೆಯ ಮೇಲೆ ಕೈಯಿಟ್ಟರು.

‘ನಿಮ್ ತಾತ ಹೊರಟೋದ್ರು ಕಂದ. ಮಂಗಳವಾರ. ಪರೀಕ್ಷೆ ಮುಗಿಯೋ ತನಕ ಅವನಿಗೆ ಹೇಳ್ಬೇಡಿ ಅಂತ ನಿಮ್ಮಕ್ಕ ಆಣೆ ಹಾಕಿಸ್ಕೊಂಡಿದ್ಲು. ನೀನು ಮುಳುಗು. ಕೇಳಿದ ತಕ್ಷಣ ಮುಳುಗ್ಬೇಕು.’

ಮುಳುಗಿದೆ.

ಇನ್ನು ನನ್ನ ಮಾತು. ಆಣೆ ಹಾಕಿಸಿಕೊಳ್ಳಲು ನೀನು ಯಾರು? ತಾತ ನಿನಗೊಬ್ಬಳಿಗೇ ಬಿಟ್ಟ ಆಸ್ತಿಯೇ, ಯಾರಿಗೆ ಎಷ್ಟು ಎಂದು ನೀನು ಹಂಚುವುದಕ್ಕೆ? ಅಮ್ಮ ಹೆದರುವವಳು, ಅಪ್ಪ ಯಾರು ಜೋರಾಗಿ ಹೇಳಿದರೆ ಅವರ ಮಾತು ಕೇಳುವವರು, ಅವರನ್ನು ಬಿಡು. ನೀನು ನಾನು ಒಟ್ಟಿಗೆ ತಾತನ ಹಿಂದೆ ಕೋಟೆಯ ತುಂಬ ಅಲೆದವರು. ಅವರು ಸುಳ್ಳು ಹೇಳುವಾಗ ಟೂರಿಸ್ಟುಗಳ ಹಿಂದೆ ನಿಂತು ನಗು ತಡೆದುಕೊಂಡವರು. ಅಂಥವರು ಉಸಿರಾಡಲು ಕಷ್ಟಪಡುತ್ತಿದ್ದಾಗ ಒಂದು ನಿಮಿಷ ಅವರ ಕಿವಿಗೆ ಫೋನು ಹಿಡಿದಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ನಾನು ಏನಾದರೂ ತಲೆಹರಟೆ ಮಾತಾಡುತ್ತಿದ್ದೆ, ಅವರು ಬೈಯುತ್ತಿದ್ದರು. ಅಷ್ಟು ಸಾಕಿತ್ತು. ನನ್ನ ಪಾಲಿನ ಆ ಬೈಗುಳವನ್ನು ನೀನು ತಿಂದುಹಾಕಿದೆ.

‘ಹೇಳಿದ್ರೆ ಓದು ಹಾಳಾಗ್ತಿತ್ತು’ ಎಂದು ನೀನು ಗುರುದತ್ ಹತ್ತಿರ ಫೋನಿನಲ್ಲಿ ಅತ್ತೆಯಂತೆ. ಹಾಳಾಗಲಿ! ಪರೀಕ್ಷೆ ಮತ್ತೆ ಬರುತ್ತದೆ. ನನಗೆ ತಿಳಿದಿದ್ದರೆ ಉತ್ತರಪತ್ರಿಕೆಯನ್ನು ಪರೀಕ್ಷಕರ ಮುಖಕ್ಕೇ ಎಸೆದು ಸಿಕ್ಕಿದ ಮೊದಲ ವಿಮಾನ ಹತ್ತಿ ಬರುತ್ತಿದ್ದೆ. ಅಪ್ಪ ಚಿತೆಗೆ ಬೆಂಕಿ ಇಡುವಾಗ ಪಕ್ಕದಲ್ಲಿ ನಿಲ್ಲುತ್ತಿದ್ದೆ. ನಾನು ಅಲ್ಲಿ ಇರಬೇಕೋ ಬೇಡವೋ ಎಂಬುದನ್ನು ನನ್ನನ್ನು ಕೇಳದೆ ನೀನು ತೀರ್ಮಾನಿಸಿದೆ. ಇದನ್ನು ಕ್ಷಮಿಸುವ ಇರಾದೆ ಸದ್ಯಕ್ಕೆ ನನಗಿಲ್ಲ.

ವೈಕುಂಠ ಸಮಾರಾಧನೆಯ ದಿನ ಅವರಿಗೆ ಇಷ್ಟವಾದದ್ದನ್ನು ಮಾಡಿಸು. ಅಮ್ಮನಿಗೆ ಹೊತ್ತಿಗೆ ಸರಿಯಾಗಿ ಊಟ ಹಾಕು, ಅವಳು ತಾನಾಗಿ ಕೂರುವುದಿಲ್ಲ. ಅಪ್ಪ ಕೇಳಿದರೆ ನಾನು ಚೆನ್ನಾಗಿದ್ದೇನೆ ಎಂದು ಹೇಳು. ಆ ಥರದ ಮಾತು ನಿನಗೆ ಸಲೀಸು. ಚಿಕ್ಕವನು ಆಶೀರ್ವಾದ ಮಾಡುವ ಪದ್ಧತಿ ಇಲ್ಲ, ಆದರೂ ಇದು ತಲೆಕೆಳಗಾದ ಕಾಲ. ನಿನಗೆ ಒಳ್ಳೆಯದಾಗಲಿ. ನಿನ್ನ ಮಕ್ಕಳು ನಿನಗೆ ಎಲ್ಲವನ್ನೂ ಹೇಳುವವರಾಗಲಿ.

ಇಂತಿ,
ಸದರಿ ಸಾಮ್ರಾಜ್ಯದ ಗಡೀಪಾರಾದ ಪ್ರಜೆ,
ಸುಮುಖ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಗುರುವಾರ ಸಂಜೆ, ಕೊನೆಯ ಪರೀಕ್ಷೆಯ ಹಿಂದಿನ ದಿನ, ನಾನು ಮನೆಗೆ ಫೋನ್ ಮಾಡಿದ್ದೆ. ಮನೆ ನೋಡಿಕೊಳ್ಳಲು ಕೂತಿದ್ದ ಪಕ್ಕದ ಮನೆಯ ವಿಜಯಾ ಆಂಟಿ ಎತ್ತಿದರು. ‘ಯಾರೂ ಇಲ್ಲ ಕಣಪ್ಪ, ಎಲ್ರೂ ಪಶ್ಚಿಮವಾಹಿನಿಗೆ ಹೋಗಿದಾರೆ’ ಅಂದರು. ಅಸ್ಥಿ ಬಿಡುವುದಕ್ಕಲ್ಲದೆ ನಮ್ಮ ಮನೆಯವರು ಅಲ್ಲಿಗೆ ಹೋಗುವುದಿಲ್ಲ. ಯಾರದು ಎಂದು ನಾನು ಕೇಳಲಿಲ್ಲ. ‘ಲೈನ್ ಸರಿಯಿಲ್ಲ ಆಂಟಿ’ ಎಂದು ಇಟ್ಟುಬಿಟ್ಟೆ. ಲೈನ್ ಚೆನ್ನಾಗಿಯೇ ಇತ್ತು. ಮರುದಿನ ಹೋಗಿ ಪರೀಕ್ಷೆ ಬರೆದೆ, ಅದನ್ನೂ ಚೆನ್ನಾಗಿಯೇ ಬರೆದೆ. ಶನಿವಾರ ಅಂಕಲ್ ಹೇಳಲು ಬಂದಾಗಲೆಲ್ಲ ಮಾತು ಮುರಿದವನು ನಾನು. ಊಟವಾದ ಮೇಲೆ ಅವರು ‘ಸಾಕು, ಮನೆಗೆ ಹೋಗೋಣ’ ಅಂದಾಗ, ‘ಇನ್ನೊಂದು ಜಾಗ ನೋಡಿಬಿಡೋಣ ಅಂಕಲ್’ ಅಂದವನೂ ನಾನೇ.